ಆಬೊರಿಜಿನಲ್ ಮಕ್ಕಳ ರಕ್ಷಣೆ: ತೀರ್ಮಾನ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಮೈಸೂರಿನಲ್ಲಿ ಎಂಎಸ್‌ಡಬ್ಲ್ಯೂ ಮುಗಿಸಿ, ಕೆಲ ವರ್ಷ ಮಕ್ಕಳ ಕಲ್ಯಾಣ ಸಮಿತಿಯ ಕೇಸುಗಳಲ್ಲಿ ಓಡಾಡಿ, ಆಮೇಲೆ ಆಸ್ಟ್ರೇಲಿಯಾಕ್ಕೆ ಬಂದವಳು. ವಿಕ್ಟೋರಿಯಾ ರಾಜ್ಯದ ಮಕ್ಕಳ ರಕ್ಷಣಾ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಈಗ ಇಲ್ಲಿನ ಮೂಲನಿವಾಸಿಗಳಾದ ಆಬೊರಿಜಿನಲ್ ಜನ ನಡೆಸುವ ಒಂದು ಸಂಸ್ಥೆಯಲ್ಲಿ ಟೀಮ್ ಮ್ಯಾನೇಜರ್ ಕೆಲಸಕ್ಕೆ ಕರೆ ಬಂದಿದೆ. 'ನಮ್ಮಲ್ಲಿ ಕಲ್ಚರ್ ಮೊದಲು' ಎನ್ನುತ್ತಾರೆ. ದಿನದ ಕೆಲಸದಲ್ಲಿ ಇದರ ಅರ್ಥವೇನು? ಮಗುವಿನ ಸುರಕ್ಷತೆಗೂ ಕಲ್ಚರ್‌ಗೂ ಜಗಳ ಬಂದರೆ ಯಾವುದು ಗೆಲ್ಲಬೇಕು? ಹೊರಗಿನವಳಾದ ನಾನು ಆ ಕುರ್ಚಿಯಲ್ಲಿ ಕೂರಬಹುದೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನೇ ಎಲ್ಲರೂ ಮೊದಲು ಕೇಳುತ್ತಾರೆ. ಆದರೆ ಮೊದಲನೆಯದು ಸರಿಯಾಗಿ ಅರ್ಥವಾದರೆ ಎರಡನೆಯದರ ಬಿಸಿ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಕಲ್ಚರ್ ಮೊದಲು ಎಂದ ಕೂಡಲೇ ಗೋಡೆಯ ಮೇಲಿನ ಚುಕ್ಕಿ ಚಿತ್ರ, ಬಾಗಿಲಲ್ಲಿ ಬಾವುಟ, ವರ್ಷಕ್ಕೊಮ್ಮೆ ಒಂದು ಹಬ್ಬ ನೆನಪಾಗುತ್ತದೆ. ಇವೆಲ್ಲ ಇರಲಿ, ಒಳ್ಳೆಯದೇ. ನೀವು ನೋಡಬೇಕಾದದ್ದು ಮಾತ್ರ ಬೇರೆ: ಈ ಮಗು ಎಲ್ಲಿರಬೇಕು, ಯಾರ ಜೊತೆ ಬೆಳೆಯಬೇಕು, ಯಾವಾಗ ಮನೆಗೆ ಮರಳಬೇಕು ಎಂದು ತೀರ್ಮಾನ ಮಾಡುವವರು ಯಾರು? ಆ ತೀರ್ಮಾನ ಕುಟುಂಬದ ಮತ್ತು ಸಮುದಾಯದ ಕೈಯಲ್ಲಿದ್ದರೆ ಅದು ಕಲ್ಚರ್ ಮುನ್ನಡೆಸುವ ಸೇವೆ. ಇಲಾಖೆ ತೀರ್ಮಾನ ಮಾಡಿ, ಆಮೇಲೆ ಆಬೊರಿಜಿನಲ್ ಸಿಬ್ಬಂದಿಯನ್ನು ಕರೆದು 'ಸ್ವಲ್ಪ ನೋಡಿ' ಎಂದರೆ ಅಲ್ಲ. ಮ್ಯಾನೇಜರ್ ಆಗಿ ನೀವು ಮಾಡುವ ಕೆಲಸದ ಬಹುಪಾಲು, ಆ ತೀರ್ಮಾನ ಕೈ ಜಾರದಂತೆ ನೋಡಿಕೊಳ್ಳುವುದು. ಅದಕ್ಕೆ ಬೇಕಾದ ಸಮಯ, ದುಡ್ಡು, ಕಾಗದಪತ್ರ ಒದಗಿಸುವುದು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ವಿಕ್ಟೋರಿಯಾದಲ್ಲಿ 1869ರಲ್ಲೇ ಒಂದು ಕಾಯ್ದೆ ಬಂತು. ಆಬೊರಿಜಿನಲ್ ಜನ ಎಲ್ಲಿರಬೇಕು, ಅವರ ಮಕ್ಕಳು ಯಾರ ಸುಪರ್ದಿಯಲ್ಲಿರಬೇಕು ಎಂದು ನಿಯಮ ಮಾಡುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. ಅದರ ಹೆಸರಲ್ಲಿ 'ರಕ್ಷಣೆ' ಎಂಬ ಪದವೇ ಇತ್ತು. ನ್ಯೂ ಸೌತ್ ವೇಲ್ಸ್‌ನಲ್ಲಿ 1915ರ ತಿದ್ದುಪಡಿಯಿಂದ ಕೋರ್ಟಿನ ಮುಂದೆ ಹೋಗದೆಯೇ ಮಕ್ಕಳನ್ನು ಕರೆದೊಯ್ಯಬಹುದಾಯಿತು. ಹೆಣ್ಣುಮಕ್ಕಳನ್ನು ಕೂಟಮಂಡ್ರಾದ ಮನೆಗೆ ಹಾಕಿ ಮನೆಗೆಲಸ ಕಲಿಸಿದರು. ಗಂಡುಮಕ್ಕಳನ್ನು ಕಿಂಚೇಲಾಕ್ಕೆ ಹಾಕಿದರು, ಅಲ್ಲಿ ಅವರನ್ನು ಹೆಸರಿನ ಬದಲು ನಂಬರಿನಿಂದ ಕರೆಯುತ್ತಿದ್ದರು. ಇವರನ್ನೇ ಕದ್ದೊಯ್ದ ತಲೆಮಾರುಗಳು ಎನ್ನುವುದು. 1997ರ ರಾಷ್ಟ್ರೀಯ ವಿಚಾರಣೆಯ ವರದಿಯ ಅಂದಾಜಿನ ಪ್ರಕಾರ 1910ರಿಂದ 1970ರ ನಡುವೆ ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದರಷ್ಟು ಮಕ್ಕಳನ್ನು ಹೀಗೆ ಕಿತ್ತುಕೊಂಡಿದ್ದರು. 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಕ್ಷಮೆ ಕೇಳಿದ ಮೇಲೂ ಮಕ್ಕಳು ಮನೆ ಬಿಟ್ಟು ಹೋಗುವುದು ನಿಂತಿಲ್ಲ. ದೇಶದ ಮಕ್ಕಳಲ್ಲಿ ಆಬೊರಿಜಿನಲ್ ಮತ್ತು ಟೊರೆಸ್ ಸ್ಟ್ರೇಟ್ ದ್ವೀಪಗಳ ಮಕ್ಕಳು ಸುಮಾರು ಶೇ. 6. ಮನೆಯಿಂದ ಹೊರಗೆ ಆರೈಕೆಯಲ್ಲಿರುವ ಮಕ್ಕಳಲ್ಲಿ ಅವರು ಶೇ. 40ಕ್ಕಿಂತ ಜಾಸ್ತಿ. 2020ರ ರಾಷ್ಟ್ರೀಯ ಒಪ್ಪಂದದಲ್ಲಿ ಈ ಅಸಮಾನತೆಯನ್ನು 2031ರೊಳಗೆ ಶೇ. 45ರಷ್ಟು ಇಳಿಸುತ್ತೇವೆ ಎಂದು ಎಲ್ಲ ಸರ್ಕಾರಗಳು ಸಹಿ ಹಾಕಿವೆ. ಆ ಗುರಿಯ ಹತ್ತಿರಕ್ಕೂ ಇನ್ನೂ ಬಂದಿಲ್ಲ.

ಈಗ ಯೋಚಿಸಿ. ಇಲಾಖೆಯ ಕಾರು ಗೇಟಿನ ಮುಂದೆ ನಿಂತಾಗ ಒಳಗಿರುವ ಅಜ್ಜಿಗೆ ಏನು ನೆನಪಾಗುತ್ತದೆ? ಅವರು ಬಾಗಿಲು ತೆಗೆಯುವುದಿಲ್ಲ. ಹೊರಗೆ ನಿಂತ ಅಧಿಕಾರಿ 'ಕುಟುಂಬ ಸಹಕರಿಸುತ್ತಿಲ್ಲ' ಎಂದು ಫೈಲಿನಲ್ಲಿ ಬರೆಯುತ್ತಾರೆ. ಮುಂದಿನವರು ಫೈಲ್ ಓದಿ ಅದನ್ನೇ ಕೋರ್ಟಿನ ವರದಿಗೆ ಹಾಕುತ್ತಾರೆ. ಮೂರನೆಯ ಕೈಗೆ ಬರುವ ಹೊತ್ತಿಗೆ ಅದು ಸಾಕ್ಷ್ಯವಾಗಿರುತ್ತದೆ. ನಿಮ್ಮ ಟೀಮಿನ ಟೇಬಲ್ಲಿಗೆ ಬರುವ ಫೈಲುಗಳಲ್ಲಿ ಈ ಸಾಲು ಕಂಡಾಗಲೆಲ್ಲ ನಿಲ್ಲಿ. ಯಾರು ಹೋಗಿದ್ದರು, ಎಷ್ಟು ಹೊತ್ತಿಗೆ, ಜೊತೆಗೆ ಪರಿಚಯದವರು ಇದ್ದರಾ ಎಂದು ಕೇಳಿ. ಅರ್ಧ ಕೇಸುಗಳ ದಿಕ್ಕು ಅಲ್ಲೇ ಬದಲಾಗುತ್ತದೆ ಎಂದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಕಾನೂನಿನ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ನಿಮ್ಮ ಕೈಯಲ್ಲಿ ನಿಜವಾಗಿ ಎಷ್ಟು ಅಧಿಕಾರವಿದೆ ಎನ್ನುವುದು ಅಲ್ಲಿದೆ. ವಿಕ್ಟೋರಿಯಾದ 2005ರ ಮಕ್ಕಳ ಕಾಯ್ದೆಯಲ್ಲಿ ಸೆಕ್ಷನ್ 18 ಎಂದಿದೆ. ಕೋರ್ಟ್ ರಕ್ಷಣಾ ಆದೇಶ ಕೊಟ್ಟ ಆಬೊರಿಜಿನಲ್ ಮಗುವಿನ ಹೊಣೆಯನ್ನು ಇಲಾಖೆ ತನ್ನಲ್ಲೇ ಇಟ್ಟುಕೊಳ್ಳದೆ ಆಬೊರಿಜಿನಲ್ ಸಂಸ್ಥೆಯ ಮುಖ್ಯಸ್ಥರಿಗೆ ವಹಿಸಬಹುದು. ಕಾಗದದ ಮೇಲಿದ್ದ ಈ ಅಧಿಕಾರ ನಿಜವಾಗಿ ಕೈ ಬದಲಾದದ್ದು 2017ರ ನವೆಂಬರ್‌ನಲ್ಲಿ. ವ್ಯಾಕಾ ಎಂದು ಎಲ್ಲರೂ ಕರೆಯುವ ವಿಕ್ಟೋರಿಯನ್ ಆಬೊರಿಜಿನಲ್ ಚೈಲ್ಡ್ ಕೇರ್ ಏಜೆನ್ಸಿ ಅದನ್ನು ಮೊದಲು ಪಡೆಯಿತು. ಆಮೇಲೆ ಬೆಂಡಿಗೋ ಊರಿನ ಆಬೊರಿಜಿನಲ್ ಸಹಕಾರ ಸಂಸ್ಥೆಯೂ ಪಡೆಯಿತು. 2023ರ ತಿದ್ದುಪಡಿಯಿಂದ ದೂರು ಬಂದ ಹಂತದ ತನಿಖೆಯನ್ನೂ ವಹಿಸಿಕೊಡಲು ದಾರಿಯಾಯಿತು. ಕ್ವೀನ್ಸ್‌ಲ್ಯಾಂಡ್‌ನಲ್ಲೂ ಇಂಥದೇ ವ್ಯವಸ್ಥೆ ಇದೆ.

ಆದ್ದರಿಂದ ಕೆಲಸ ಒಪ್ಪುವ ಮೊದಲು ಕೇಳಿ: ಈ ಟೀಮಿಗೆ ಸೆಕ್ಷನ್ 18ರ ಅಧಿಕಾರ ಇದೆಯಾ, ಇಲ್ಲ ಸಲಹೆ ಕೊಡುವ ಪಾತ್ರ ಮಾತ್ರವಾ? ಸಲಹೆ ಮಾತ್ರ ಎಂದಾದರೂ ಬೇಸರ ಬೇಡ. ವಿಕ್ಟೋರಿಯಾದಲ್ಲಿ ಆಬೊರಿಜಿನಲ್ ಮಗುವಿನ ಬಗ್ಗೆ ಯಾವುದೇ ದೊಡ್ಡ ತೀರ್ಮಾನದ ಹಂತದಲ್ಲಿ ಇಲಾಖೆ ಆಬೊರಿಜಿನಲ್ ಸಲಹಾ ಸೇವೆಯನ್ನು ಕೇಳಬೇಕು. ಆ ಫೋನು ತೀರ್ಮಾನಕ್ಕೆ ಮೊದಲು ಬಂತಾ, ಆಮೇಲೆ ಬಂತಾ ಎಂದು ಪ್ರತಿ ಸಲ ಸಮಯ ಹಾಕಿ ಬರೆದಿಡಿಸಿ. ಮೂರು ತಿಂಗಳ ಪಟ್ಟಿ ಎದುರಿಗಿಟ್ಟು ಮಾತಾಡಿದರೆ ಇಲಾಖೆಯ ಮ್ಯಾನೇಜರ್‌ಗೆ ಉತ್ತರ ಕೊಡದೆ ವಿಧಿಯಿಲ್ಲ. ಸುಮ್ನೆ 'ನಮ್ಮನ್ನು ಕೇಳುವುದಿಲ್ಲ' ಎಂದರೆ ಯಾರೂ ಕಿವಿಗೊಡುವುದಿಲ್ಲ.

ಮಕ್ಕಳ ವಾಸ್ತವ್ಯ ತತ್ವ ಎಂದು ಇನ್ನೊಂದಿದೆ. 1983ರಲ್ಲಿ ನಾರ್ದರ್ನ್ ಟೆರಿಟರಿಯ ಕಾನೂನಿನಲ್ಲಿ ಮೊದಲು ಬಂತು, ಈಗ ಎಲ್ಲ ಕಡೆ ಇದೆ. ಮೊದಲು ಕುಟುಂಬ ಮುರಿಯದಂತೆ ತಡೆಯುವುದು, ಸಮುದಾಯದ ಜೊತೆ ಪಾಲುದಾರಿಕೆ, ಬಂಧುಗಳಲ್ಲಿ ವಾಸ್ತವ್ಯ, ಕುಟುಂಬ ಮತ್ತು ಮಗುವಿನ ಭಾಗವಹಿಸುವಿಕೆ, ನಂಟು ಉಳಿಸುವುದು, ಹೀಗೆ ಐದು ಭಾಗ. ಕಚೇರಿಗಳಲ್ಲಿ ಮಾತ್ರ ಇದು 'ಮಗುವನ್ನು ಯಾರ ಮನೆಯಲ್ಲಿ ಇಡೋಣ' ಎಂಬ ಒಂದೇ ಭಾಗಕ್ಕೆ ಇಳಿದುಬಿಡುತ್ತದೆ. ಆ ಪ್ರಶ್ನೆ ಎದ್ದಿದೆ ಎಂದರೆ ಮೊದಲನೆಯ ಭಾಗದಲ್ಲಿ ಆಗಲೇ ಸೋತಿದ್ದೇವೆ ಎಂದರ್ಥ, ಅಲ್ವಾ?

ಇನ್ನು ಕುಟುಂಬದ ಸಭೆ. ನಿಮ್ಮ ಟೀಮಿನ ಹೃದಯ ಇದು. ಕುಟುಂಬವೇ ಕೂತು ತೀರ್ಮಾನಿಸುವ ಈ ಪದ್ಧತಿಯನ್ನು ಕಾನೂನಿಗೆ ಮೊದಲು ತಂದದ್ದು ನ್ಯೂಜಿಲ್ಯಾಂಡ್, 1989ರಲ್ಲಿ, ಮಾವೊರಿ ಜನರ ಒತ್ತಾಯದಿಂದ. ವಿಕ್ಟೋರಿಯಾದಲ್ಲೂ ಆಬೊರಿಜಿನಲ್ ಕುಟುಂಬಗಳಿಗೆ ಇದರದೇ ಒಂದು ರೂಪವಿದೆ. ಒಂದು ಉದಾಹರಣೆ ಕೊಡುತ್ತೇನೆ. ಇದು ಒಂದೇ ಮನೆಯ ಕಥೆಯಲ್ಲ, ಹಲವು ಕೇಸುಗಳ ತುಣುಕು ಸೇರಿಸಿ ಕಟ್ಟಿದ್ದು.

ಏಳು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳು. ಅಮ್ಮನ ಸಂಗಾತಿ ಹೊಡೆಯುತ್ತಾನೆ. ಬಾಡಿಗೆ ಮನೆ ಕೈ ತಪ್ಪಿದೆ. ಫೈಲಿನಲ್ಲಿ ಬಂಧುಗಳ ಜಾಗದಲ್ಲಿ ಒಂದೇ ಹೆಸರು, ಅಜ್ಜಿಯದು. ಪಕ್ಕದಲ್ಲಿ 'ಆರೋಗ್ಯ ಸರಿಯಿಲ್ಲ, ಸಾಧ್ಯವಿಲ್ಲ' ಎಂದು ಬರೆದಿದೆ. ಆಬೊರಿಜಿನಲ್ ಕಾರ್ಯಕರ್ತೆಯೊಬ್ಬರು ಅಜ್ಜಿಯ ಅಡುಗೆಮನೆಯಲ್ಲಿ ಕೂತು ದೊಡ್ಡ ಹಾಳೆಯ ಮೇಲೆ ವಂಶವೃಕ್ಷ ಬಿಡಿಸಲು ಶುರು ಮಾಡುತ್ತಾರೆ. ಅಜ್ಜಿ ಮಾತಾಡುತ್ತಾ ಹೋದಂತೆ ಹಾಳೆ ಸಾಲದೆ ಇನ್ನೊಂದು ಅಂಟಿಸಬೇಕಾಗುತ್ತದೆ. ಅಮ್ಮನ ಅಕ್ಕ ಇದ್ದಾರೆ, ಮಕ್ಕಳು ಅವರನ್ನೂ ಅಮ್ಮ ಎಂದೇ ಕರೆಯುತ್ತಾರೆ. ಇಂಗ್ಲಿಷ್ ಫಾರಂ ಅವರನ್ನು ದೂರದ ಸಂಬಂಧಿ ಎಂದು ಕೆಳಗೆ ತಳ್ಳುತ್ತದೆ. ದೊಡ್ಡಮ್ಮ ಚಿಕ್ಕಮ್ಮಂದಿರ ಮಡಿಲಲ್ಲಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮಗೆ ಗೊತ್ತು ಎಂದು ಅಲ್ಲೇ ನಿಲ್ಲಬೇಡಿ. ಯೋರ್ಟಾ ಯೋರ್ಟಾ, ಗುಂಡಿಚ್ಮಾರಾ, ವುರುಂಜರಿ, ಹೀಗೆ ಒಂದೊಂದು ಜನಾಂಗಕ್ಕೆ ತನ್ನದೇ ಕಟ್ಟಳೆ ಇದೆ. ಯಾರು ಯಾರ ಪರವಾಗಿ ಮಾತಾಡಬಹುದು ಎಂದು ಕೇಳಿಯೇ ತಿಳಿಯಬೇಕು.

ಸಭೆ ಇಲಾಖೆಯ ಕಟ್ಟಡದಲ್ಲಿ ಬೇಡ. ಕುಟುಂಬ ಹೇಳಿದ ಜಾಗದಲ್ಲಿ ಇರಲಿ, ಕುಟುಂಬ ಹೇಳಿದ ದಿನ ಇರಲಿ. ಕರೆಯುವವರು ಆಬೊರಿಜಿನಲ್ ಸಂಚಾಲಕರು. ದೂರದಿಂದ ಬರುವ ಚಿಕ್ಕಪ್ಪನ ಪೆಟ್ರೋಲ್ ಖರ್ಚು ನಿಮ್ಮದು. ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು, ಹೊಟ್ಟೆ ತುಂಬ ಊಟ. ಹೊಡೆಯುವ ಮನುಷ್ಯ ಬರುವ ಭಯ ಇದ್ದರೆ ಅದಕ್ಕೂ ಮೊದಲೇ ವ್ಯವಸ್ಥೆ. ಶುರುವಿನಲ್ಲಿ ಹಿರಿಯರು ಮಾತಾಡುತ್ತಾರೆ. ಆಮೇಲೆ ಅಧಿಕಾರಿಗಳು ತಮ್ಮ ಚಿಂತೆಯನ್ನು ನೇರ ಮಾತಿನಲ್ಲಿ ಹೇಳಬೇಕು. 'ಮಕ್ಕಳು ಆ ಮನುಷ್ಯನ ಜೊತೆ ಒಂಟಿಯಾಗಿ ಇರಬಾರದು. ದಿನಾ ಶಾಲೆಗೆ ಹೋಗಬೇಕು. ಅಮ್ಮ ಹೆದರಿದಾಗ ರಾತ್ರಿಯಲ್ಲೂ ಫೋನ್ ಮಾಡಲು ಒಬ್ಬರಿರಬೇಕು.' ಇಷ್ಟೇ. ಹತ್ತು ಪುಟದ ವರದಿ ಓದಿ ಹೇಳುವುದಲ್ಲ.

ಅದಾದ ಮೇಲೆ ಅಧಿಕಾರಿಗಳೆಲ್ಲ ಎದ್ದು ಹೊರಗೆ ಹೋಗಬೇಕು. ಹೊಸ ಮ್ಯಾನೇಜರ್‌ಗಳಿಗೆ ಕಷ್ಟವಾಗುವುದು ಇಲ್ಲೇ. ಒಳಗಿಂದ ಜೋರು ದನಿ ಕೇಳುತ್ತದೆ, ಅಳು ಕೇಳುತ್ತದೆ, ಆಮೇಲೆ ತುಂಬ ಹೊತ್ತು ಏನೂ ಕೇಳುವುದಿಲ್ಲ. ಗಡಿಯಾರ ನೋಡಿ ಬಾಗಿಲು ತಟ್ಟಬೇಡಿ. ನಿಮ್ಮ ಕ್ಯಾಲೆಂಡರ್‌ನಲ್ಲಿ ಇಡೀ ದಿನ ಖಾಲಿ ಇಡಿ, ಟೀಮಿನವರಿಗೂ ಹಾಗೇ ಇಡಿಸಿ. ಒಂದೂವರೆ ಗಂಟೆಗೆ ಹಾಲ್ ಬುಕ್ ಮಾಡಿದವರು ಆಗಲೇ ತೀರ್ಮಾನವನ್ನು ವಾಪಸ್ ಕಿತ್ತುಕೊಂಡಿರುತ್ತಾರೆ. ಕುಟುಂಬ ಹೊರಗೆ ತರುವ ಯೋಜನೆಯಲ್ಲಿ ನಮಗೆ ಹೊಳೆಯದ ಸಂಗತಿಗಳಿರುತ್ತವೆ. ಅಕ್ಕನ ಮನೆಯಲ್ಲಿ ಮಕ್ಕಳು, ಅಮ್ಮ ಹಗಲೆಲ್ಲ ಅಲ್ಲೇ. ಆ ಮನುಷ್ಯನ ಹತ್ತಿರ ಮಾತಾಡುವವರು ಅವನ ಕಡೆಯ ಇಬ್ಬರು ಹಿರಿಯರು. ಶಾಲೆಗೆ ಬಿಡುವುದು ಸೋದರಮಾವ. ಯೋಜನೆ ಅಪಾಯಕಾರಿ ಅಲ್ಲ ಎಂದಾದರೆ ಒಪ್ಪಿ. ನಮ್ಮ ಅಭಿರುಚಿಗೆ ಹೊಂದಲಿಲ್ಲ ಎಂಬುದು ತಿರಸ್ಕರಿಸಲು ಕಾರಣವಲ್ಲ. ಒಪ್ಪದಿದ್ದರೆ ಅದೇ ದಿನ ಕಾರಣವನ್ನು ಬರೆದು ಕುಟುಂಬದ ಕೈಗೆ ಕೊಡಿ.

ಈಗ ಸುರಕ್ಷತೆಯ ಪ್ರಶ್ನೆಗೆ ಬರೋಣ. ಮೇಲಿನ ಸಭೆಯಲ್ಲಿ ಸುರಕ್ಷತೆ ಎಲ್ಲಿ ಸೋತಿತು ಹೇಳಿ? ಮಕ್ಕಳ ವಿಷಯದಲ್ಲಿ ಆಂಟಿಯರು (ಸಮುದಾಯದ ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತಾರೆ) ಇಲಾಖೆಗಿಂತ ಬಿಗಿಯಾಗಿರುವುದನ್ನು ನೀವೇ ನೋಡುತ್ತೀರಿ. ಕಲ್ಚರ್ ಹೆಸರಲ್ಲಿ ಹೊಡೆತ ಸಹಿಸಿಕೊಳ್ಳಿ ಎಂದು ಯಾವ ಹಿರಿಯರೂ ಹೇಳುವುದಿಲ್ಲ. ಯಾರಾದರೂ ಹೇಳಿದರೆ ಅದನ್ನು ತಳ್ಳಿಹಾಕಲು ಪಕ್ಕದಲ್ಲೇ ಇನ್ನೊಬ್ಬ ಆಂಟಿ ಇರುತ್ತಾರೆ. ಕೆಲವು ಸಲ ಮಗುವನ್ನು ಅದೇ ರಾತ್ರಿ ಹೊರಗೆ ತರಬೇಕಾಗುತ್ತದೆ. ಅದರಲ್ಲಿ ಮುಲಾಜು ಬೇಡ. ಆದರೆ ಅವತ್ತು ರಾತ್ರಿ ಫೋನ್ ಮಾಡಬೇಕಾದ ಬಂಧುಗಳ ಪಟ್ಟಿ ಮೊದಲೇ ನಿಮ್ಮಲ್ಲಿರಬೇಕು. ಇಲ್ಲದಿದ್ದರೆ ಮಗು ಎಲ್ಲೋ ದೂರದ, ಗುರುತೇ ಇಲ್ಲದ ಮನೆಯಲ್ಲಿ ಬೆಳಗ್ಗೆ ಏಳುತ್ತದೆ. ಇನ್ನೊಂದು ಮಾತು. ಅಪಾಯ ಅಳೆಯುವ ಫಾರಂನಲ್ಲಿ ಮನೆಯಲ್ಲಿ ಉಳಿದರೆ ಏನಾಗಬಹುದು ಎಂದು ಮಾತ್ರ ಕೇಳುತ್ತಾರೆ. ಕಿತ್ತುಕೊಂಡರೆ ಏನಾಗುತ್ತದೆ ಎಂಬುದನ್ನೂ ಅದೇ ಪುಟದಲ್ಲಿ ಬರೆಯಲು ನಿಮ್ಮ ಟೀಮಿಗೆ ಹೇಳಿ. ಅದೂ ಮಗುವಿಗೆ ಆಗುವ ಹಾನಿಯೇ. ಈ ದೇಶದಲ್ಲಿ ಅದಕ್ಕೆ ಸಾಕ್ಷಿ ಹುಡುಕಬೇಕಾಗಿಲ್ಲ.

'ನಿರ್ಲಕ್ಷ್ಯ' ಎಂದು ಬರುವ ದೂರುಗಳಲ್ಲಿ ಬಡತನ ಎಷ್ಟು ಎಂದು ಬಿಡಿಸಿ ನೋಡುವುದು ಮ್ಯಾನೇಜರ್ ಕೆಲಸ. ಫ್ರಿಜ್ ಕೆಟ್ಟಿದೆ, ಮಂಚವಿಲ್ಲ, ಕಾರಿನ ಟೈರು ಹೋಗಿ ಮಗು ಶಾಲೆಗೆ ಹೋಗಿಲ್ಲ. ದೇಶದಲ್ಲಿ ಮಕ್ಕಳ ರಕ್ಷಣೆಗೆ ಹೋಗುವ ದುಡ್ಡಿನಲ್ಲಿ ಐದರಲ್ಲಿ ನಾಲ್ಕು ಪಾಲು ತನಿಖೆ ಮತ್ತು ಹೊರಗಿನ ಆರೈಕೆಗೇ ಖರ್ಚಾಗುತ್ತದೆ. ಕುಟುಂಬಕ್ಕೆ ಆಸರೆ ಕೊಡಲು ಉಳಿಯುವುದು ಚಿಲ್ಲರೆ. ನಿಮ್ಮ ಬಜೆಟ್‌ನಲ್ಲಿ ಆ ಚಿಲ್ಲರೆಯಾದರೂ ಬೇಗ ಕೈಗೆ ಸಿಗಬೇಕು. ಒಂದು ಮಂಚ ಕೊಳ್ಳಲು ಮೂರು ಸಹಿ ಬೇಕು ಎಂದಾದರೆ, ಆ ಮೂರು ಸಹಿಗೆ ಕಾಯುತ್ತಾ ಮಗು ಬೇರೆಯವರ ಮನೆಯಲ್ಲಿರುತ್ತದೆ. ಮೊಮ್ಮಕ್ಕಳನ್ನು ತಾವೇ ನೋಡಿಕೊಳ್ಳುತ್ತೇವೆ ಎಂದು ಅಜ್ಜಿಯರು ಹಾಕುವ ಅರ್ಜಿಗಳಲ್ಲೂ ಇದೇ ಗೋಳು. ಮೂವತ್ತು ವರ್ಷ ಹಿಂದಿನ ಸಣ್ಣ ಪೊಲೀಸ್ ಕೇಸು, ಒಂದು ಕೋಣೆ ಕಡಿಮೆ, ಹೀಗೆ ಕಾರಣ ಕೊಟ್ಟು ಬಂಧುಗಳನ್ನು ಬದಿಗಿಡುತ್ತಾರೆ. ಎಲ್ಲಿ ವಿನಾಯಿತಿಗೆ ಅವಕಾಶವಿದೆ ಎಂದು ನೀವು ಕಾನೂನು ಓದಿಕೊಂಡಿರಬೇಕು. ಈ ಒಂದು ವಿಷಯದಲ್ಲಿ ಇಲಾಖೆಯೊಳಗಿನ ನಿಮ್ಮ ಅನುಭವ ಚಿನ್ನ.

ಗಡುವಿನ ಬಗ್ಗೆ ಎಚ್ಚರ. 2016ರಲ್ಲಿ ಜಾರಿಗೆ ಬಂದ ನಿಯಮಗಳಿಂದ ಮಗುವನ್ನು ಮನೆಗೆ ಮರಳಿಸುವ ಆದೇಶಕ್ಕೆ ಸಾಮಾನ್ಯವಾಗಿ 12 ತಿಂಗಳು, ಹೆಚ್ಚೆಂದರೆ 24 ತಿಂಗಳು ಎಂದಾಯಿತು. ಸರ್ಕಾರಿ ಮನೆಯ ಸರದಿ ಅದಕ್ಕಿಂತ ಉದ್ದ ಇರಬಹುದು, ಚಿಕಿತ್ಸೆಯ ಸರದಿಯೂ. ಅಮ್ಮ ಎಲ್ಲ ಮಾಡಿದರೂ ಮನೆ ಸಿಗದೆ ಸಮಯ ಮುಗಿದುಹೋಗುತ್ತದೆ. ಹಾಗಾಗಿ ಮೊದಲ ವಾರವೇ ಮನೆಯ ಅರ್ಜಿ ಹೋಗಲಿ. ಸಿಬ್ಬಂದಿಯ ಜೊತೆ ಕೂತು ಕೇಸು ಚರ್ಚಿಸುವ ಪ್ರತಿ ಸೂಪರ್‌ವಿಷನ್‌ನಲ್ಲಿ ಮೊದಲು ಆ ಗಡುವಿನ ದಿನಾಂಕ ನೋಡಿ.

ಮಗುವಿಗೆ ತನ್ನ ಸಮುದಾಯದ ನಂಟು ಹೇಗೆ ಉಳಿಸುತ್ತೇವೆ ಎಂದು ಬರೆಯುವ ಸಾಂಸ್ಕೃತಿಕ ಯೋಜನೆ ಎಂಬ ದಾಖಲೆಯೂ ನಿಮ್ಮ ಸಹಿಗೆ ಬರುತ್ತದೆ. ವಿಕ್ಟೋರಿಯಾದ ಮೊದಲ ಆಬೊರಿಜಿನಲ್ ಮಕ್ಕಳ ಆಯುಕ್ತ ಆ್ಯಂಡ್ರ್ಯೂ ಜಾಕೊಮಸ್ ಸುಮಾರು ಒಂದು ಸಾವಿರ ಮಕ್ಕಳ ಕೇಸುಗಳನ್ನು ಒಂದೊಂದಾಗಿ ಪರಿಶೀಲಿಸಿದರು. 2016ರಲ್ಲಿ ಬಂದ ಅವರ ವರದಿಯಲ್ಲಿ ಇಂಥ ಯೋಜನೆಯೇ ಇಲ್ಲದ ಎಷ್ಟೋ ಮಕ್ಕಳಿದ್ದರು. ಅಣ್ಣತಮ್ಮಂದಿರಿಂದ ಬೇರೆಯಾದವರೂ ಇದ್ದರು. ಈಗ ಕಾಗದವೇನೋ ಇರುತ್ತದೆ. 'ನೈಡಾಕ್ ವಾರದ ಕಾರ್ಯಕ್ರಮಕ್ಕೆ ಕರೆದೊಯ್ಯುವುದು' (ವರ್ಷಕ್ಕೊಮ್ಮೆ ಮೂಲನಿವಾಸಿಗಳ ಸಂಸ್ಕೃತಿಯನ್ನು ಆಚರಿಸುವ ವಾರ ಅದು) ಎಂದಷ್ಟೇ ಬರೆದಿದ್ದರೆ ಸಹಿ ಹಾಕಬೇಡಿ. ಯಾವ ಶನಿವಾರ, ಯಾವ ಅಜ್ಜನ ಜೊತೆ, ಯಾವ ನದಿಯ ಹತ್ತಿರ, ಯಾರ ಕಾರಿನಲ್ಲಿ ಎಂದು ಬರೆದಿರಬೇಕು. ಮನೆಯಲ್ಲಿ ಸಾವಾದರೆ ಮಗುವನ್ನು ಯಾರು ಕರೆದೊಯ್ಯುತ್ತಾರೆ ಎಂದೂ ಬರೆದಿರಬೇಕು. ಕೆಲವು ಕುಟುಂಬಗಳಿಗೆ ತಮ್ಮ ಮೂಲ ನೆಲ ಯಾವುದೆಂದೇ ಗೊತ್ತಿರುವುದಿಲ್ಲ. ಅಜ್ಜಿಯನ್ನೇ ಕದ್ದೊಯ್ದಿದ್ದರಲ್ಲ. ಅದನ್ನು 'ಕಲ್ಚರ್ ಬಗ್ಗೆ ಆಸಕ್ತಿಯಿಲ್ಲ' ಎಂದು ಬರೆಯುವವರಿದ್ದಾರೆ. ಬಿಡಬೇಡಿ. ಅಲ್ಲಿ ಹುಡುಕಾಟವೇ ಯೋಜನೆ, ಅದಕ್ಕೆ ಹೋಗಬೇಕಾದ ದಾಖಲೆ ಸಂಸ್ಥೆಗಳಿವೆ.

ಫೈಲ್ ಬರೆಯುವಾಗಲೂ ಟೀಮಿಗೆ ಒಂದು ಮಾತು ಹೇಳಿ: ಈ ಮಗು ದೊಡ್ಡದಾಗಿ ತನ್ನ ಫೈಲ್ ತರಿಸಿ ಓದುತ್ತದೆ. ಕದ್ದೊಯ್ದ ತಲೆಮಾರಿನ ಎಷ್ಟೋ ಜನ ಹಾಗೆ ಓದಿದಾಗಲೇ ತಮ್ಮ ಅಮ್ಮ ಪತ್ರ ಬರೆದಿದ್ದರು, ಹುಡುಕಿಕೊಂಡು ಬಂದಿದ್ದರು ಎಂದು ತಿಳಿದದ್ದು. ಅಮ್ಮ ಭೇಟಿಗೆ ಬಂದ ದಿನ ಏನು ತಂದರು, ಮಗು ಹೇಗೆ ನಕ್ಕಿತು, ಅದೂ ಫೈಲಿನಲ್ಲಿರಲಿ.

ನಿಮ್ಮ ಆಬೊರಿಜಿನಲ್ ಸಿಬ್ಬಂದಿಯ ವಿಷಯದಲ್ಲಿ ನಿಮ್ಮ ಜವಾಬ್ದಾರಿ ದೊಡ್ಡದು. ಅವರು ಐದು ಗಂಟೆಗೆ ಕೆಲಸ ಮುಗಿಸಿ ಮನೆಗೆ ಹೋಗುವುದಿಲ್ಲ, ಅದೇ ಸಮುದಾಯಕ್ಕೆ ಹೋಗುತ್ತಾರೆ. ಸೂಪರ್‌ಮಾರ್ಕೆಟ್‌ನಲ್ಲಿ ಸಿಕ್ಕ ಸಂಬಂಧಿ 'ನಮ್ಮ ಮಗುವನ್ನು ಯಾಕೆ ಕೊಡಿಸಲಿಲ್ಲ' ಎಂದು ಕೇಳುತ್ತಾರೆ. ಎಲ್ಲರೂ ಎಲ್ಲರಿಗೂ ನೆಂಟರು, ಹಾಗಾಗಿ ಯಾವ ಕೇಸು ಯಾರಿಗೆ ಎಂದು ಹಂಚುವಾಗ ಅವರನ್ನೇ ಕೇಳಿ. ಅಂತ್ಯಕ್ರಿಯೆಗಳಿಗೆ ರಜೆ ಉದ್ದವಾಗಿಯೇ ಬೇಕು, ಪದೇ ಪದೇ ಬೇಕು. ಅದನ್ನು ನೆಪ ಎಂದು ನೋಡುವ ಮ್ಯಾನೇಜರ್ ಅಲ್ಲಿ ಬಹಳ ದಿನ ಬಾಳುವುದಿಲ್ಲ. ಕೆಲಸದ ಸೂಪರ್‌ವಿಷನ್ ನೀವು ಕೊಡಿ. ಕಲ್ಚರ್ ವಿಷಯದ ಮಾರ್ಗದರ್ಶನ ಬೇರೆ ಹಿರಿಯರಿಂದ ಸಿಗಲಿ, ಆ ಹಿರಿಯರಿಗೆ ಸಂಭಾವನೆ ಕೊಡಿ.

ಕೊನೆಗೆ ನಿಮ್ಮ ಕುರ್ಚಿ. ಕೂರಬಹುದು, ನಿಮ್ಮನ್ನು ಕರೆದವರು ಅವರೇ ಆಗಿದ್ದರೆ. 'ನಮ್ಮನ್ನೂ ಬ್ರಿಟಿಷರು ಆಳಿದ್ದರು, ನನಗೆ ಅರ್ಥವಾಗುತ್ತದೆ' ಎಂದು ಮಾತ್ರ ಹೇಳಬೇಡಿ. ನಾವು ಇಲ್ಲಿಗೆ ಬಂದದ್ದು ಅವರ ಮಕ್ಕಳನ್ನು ಒಯ್ದ ಸರ್ಕಾರವೇ ಕೊಟ್ಟ ವೀಸಾದ ಮೇಲೆ. ಪರಿಚಯ ಮಾಡಿಕೊಳ್ಳುವಾಗ ಡಿಗ್ರಿ ಆಮೇಲೆ, ಯಾವ ಊರು, ಯಾರ ಮಗಳು ಎಂದು ಮೊದಲು ಹೇಳಿ. ಅವರೂ ಅದನ್ನೇ ಕೇಳುತ್ತಾರೆ. 2022ರಲ್ಲಿ ವಿಕ್ಟೋರಿಯಾದ ಆಬೊರಿಜಿನಲ್ ಮಕ್ಕಳ ಆಯುಕ್ತೆಯಾಗಿ ನೇಮಕವಾದ ಮೀನಾ ಸಿಂಗ್ ಯೋರ್ಟಾ ಯೋರ್ಟಾ ಮತ್ತು ಭಾರತೀಯ ಎರಡೂ ಮೂಲದವರು. ಅವರ ಕಚೇರಿಯ ವರದಿಗಳನ್ನು, ಜೊತೆಗೆ ವಿಕ್ಟೋರಿಯಾದಲ್ಲಿ ಆಬೊರಿಜಿನಲ್ ಜನರಿಗೆ ಆದ ಅನ್ಯಾಯದ ಸತ್ಯ ದಾಖಲಿಸಿದ ಯೂರೂಕ್ ನ್ಯಾಯ ಆಯೋಗದ 2023ರ ವರದಿಯನ್ನು, ಕೆಲಸಕ್ಕೆ ಸೇರುವ ಮೊದಲೇ ಓದಿ.

ಸಂದರ್ಶನದಲ್ಲಿ ಎರಡು ವಿಷಯ ಕೇಳಿಬಿಡಿ. ನನ್ನ ಮೇಲಧಿಕಾರಿ ಆಬೊರಿಜಿನಲ್ ಆಗಿರುತ್ತಾರಾ? ನನ್ನ ಜೊತೆ ಸಹ ಮ್ಯಾನೇಜರ್ ಆಗಿ ಒಬ್ಬ ಆಬೊರಿಜಿನಲ್ ಸಿಬ್ಬಂದಿಯನ್ನು ಪೂರ್ತಿ ಸಂಬಳ ಕೊಟ್ಟು ಈಗಿನಿಂದಲೇ ನೇಮಿಸುತ್ತೀರಾ, ಎರಡು ಮೂರು ವರ್ಷದಲ್ಲಿ ಈ ಹುದ್ದೆ ಅವರದಾಗುವ ಹಾಗೆ? ಎರಡಕ್ಕೂ ಹೌದು ಎಂದರೆ ಸೇರಿ, ಎರಡನೆಯದನ್ನು ನಿಮ್ಮ ನೇಮಕಾತಿ ಪತ್ರದಲ್ಲೇ ಬರೆಸಿಕೊಳ್ಳಿ.